ಬೆನ್ನಿನ ಒಪ್ಪಿಗೆ

ಮೋಟೆಬೆನ್ನೂರು ಕ್ರಾಸ್ ಬರುವುದರೊಳಗೆ ಹೇಳಿಬಿಡಬೇಕು ಎಂದು ಚೇತನಕುಮಾರ ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ಕ್ರಾಸ್ ಬಂತು, ಬಸ್ಸು ಹೆದ್ದಾರಿ ಬಿಟ್ಟು ಬ್ಯಾಡಗಿ ಕಡೆ ಹೊರಳಿತು, ಮೆಣಸಿನಕಾಯಿಯ ಮೊದಲ ಘಾಟು ಮೂಗಿನೊಳಗೆ ಇರುವೆ ಹತ್ತಿದ ಹಾಗೆ ಹತ್ತಿತು, ಅವನು ಮಾತ್ರ ಹೇಳಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಸುರೇಖಾ ಕಿಟಕಿಗೆ ಭುಜ ಕೊಟ್ಟು ಹೊರಗಿನ ಹೊಲ ನೋಡುತ್ತ ಕೂತಿದ್ದಳು. ಇವತ್ತು ಅವಳಿಗೆ ರಜೆ. ಅತ್ತೆ ಕರೆದಿದ್ದಾಳೆ ಅಂತ ಹೊರಟಿದ್ದಳು, ಯಾಕೆ ಕರೆದಿದ್ದಾಳೆ ಅಂತ ಕೇಳಿರಲಿಲ್ಲ. ಹೇಳಬೇಕಾಗಿದ್ದದ್ದು ಗುಡ್ಡ ಕಡಿಯುವಂಥದ್ದೇನಲ್ಲ. ಬ್ಯಾಡಗಿಯಲ್ಲಿ ಅವನ ಸೋದರತ್ತೆ ನೀಲಗಂಗವ್ವ ತನ್ನ ಗಂಡ ಅಂದಾನೆಪ್ಪನ ದಲಾಲಿ ಅಂಗಡಿಯ ಮೇಲಿನ ಮನೆಗೆ ಸುಣ್ಣ ಹೊಡೆಸಿ, ಹೊಸ ಅಡುಗೆ ಕಟ್ಟೆ ಕಟ್ಟಿಸಿದ್ದಾಳೆ. ಬರುವ ತಿಂಗಳು ಇವರಿಬ್ಬರೂ ರಾಣೇಬೆನ್ನೂರು ಬಿಟ್ಟು ಅಲ್ಲಿಗೆ ಬಂದಿರುವವರಿದ್ದಾರೆ. ಇದಕ್ಕೆ ಸುರೇಖಾ ಒಪ್ಪಿದ್ದಾಳೆ. ಈ ಕೊನೆಯ ಸಂಗತಿ ಸುರೇಖಾಗೆ ಇನ್ನೂ ಗೊತ್ತಿರಲಿಲ್ಲ.

ಸುಳ್ಳು ಹೇಳಿಲ್ಲ, ಕೇಳೇನಿ, ಎಂದು ಅವನು ಯಾವುದೋ ಕೋರ್ಟಿನ ಮುಂದೆ ನಿಂತವನ ಹಾಗೆ ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಂಡ. ಕೇಳಿದ್ದು ನಿಜವೇ. ತಿಂಗಳ ಹಿಂದಿನ ಆ ಮುಂಜಾನೆ ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದು ಬೂಟನ್ನು ಕಾಲಿನಿಂದಲೇ ತಡಕಾಡುತ್ತ, ಬಾಗಿಲ ಚೌಕಟ್ಟು ಹಿಡಿದು ನಿಂತು, ಬ್ಯಾಡಗಿಗೆ ಹೋಗಿ ಇರೋಣೇನು, ಅತ್ತಿ ಮನಿ ಕೊಡತಾಳಂತ, ಮಾಮಾನ ಅಂಗಡಿಯೊಳಗ ಕಂಪ್ಯೂಟರ್ ಕೆಲಸಾನೂ ಆಕ್ಕೈತಿ, ಎಂದು ಒಂದೇ ಉಸಿರಿನಲ್ಲಿ ಕೇಳಿದ್ದ. ಸುರೇಖಾ ಒಳಗೆ ನಳದ ಮುಂದೆ ನಿಂತು ಹಾಲಿನ ತಪ್ಪಲೆ ತಿಕ್ಕುತ್ತಿದ್ದಳು. ಅವನಿಗೆ ಕಂಡದ್ದು ಅವಳ ಬೆನ್ನು. ಆ ಬೆನ್ನಿನಲ್ಲಿ ಬೇಡ ಅನ್ನುವಂಥದ್ದು ಏನೂ ಕಾಣಲಿಲ್ಲ. ಸಿಟ್ಟಿಗೆದ್ದ ಬೆನ್ನು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು, ಭುಜದ ಹತ್ತಿರ ಬಿಗಿಯುತ್ತದೆ, ಇದು ಬಿಗಿದಿರಲಿಲ್ಲ. ಸಮಾಧಾನದ ಬೆನ್ನು. ಒಪ್ಪಿದ ಬೆನ್ನು. ಅಷ್ಟರಲ್ಲಿ ಬೂಟು ಸಿಕ್ಕಿತು, ಅವನು ಹೋದ. ಮಧ್ಯಾಹ್ನ ಅತ್ತೆಯ ಫೋನ್ ಬಂದಾಗ, ಹೂಂ ಅಂದಾಳತ್ತಿ, ಎಂದ. ಅಷ್ಟೇ. ಆಮೇಲೆ ಗೌಂಡಿ ಬಂದ, ಸುಣ್ಣ ಬಂತು, ಅಡುಗೆ ಕಟ್ಟೆ ಎಷ್ಟು ಎತ್ತರ ಬೇಕು ಅಂತ ಅತ್ತೆ ಕೇಳಿದಳು, ಅವನು ಆಫೀಸಿನಲ್ಲಿ ಎದ್ದು ನಿಂತು ತನ್ನ ಸೊಂಟದ ಹತ್ತಿರ ಕೈ ಹಿಡಿದು, ಸುರೇಖಾ ಇಷ್ಟಿರಬಹುದು ಅಂತ ಅಂದಾಜು ಮಾಡಿ ಹೇಳಿದ. ಪಕ್ಕದ ಮೇಜಿನ ಶಿಲ್ಪಾ, ಯಾರಿಗೆ ಪ್ಯಾಂಟ್ ಹೊಲಸಾಕತ್ತೀರಿ ಸರ್, ಅಂತ ನಕ್ಕಿದ್ದಳು.

ಹೋಗುತ್ತ ಹೋಗುತ್ತ ಕೇಳುವುದು ಅವರ ಮನೆತನದಲ್ಲೇ ಇತ್ತು. ಅವನ ಅಪ್ಪ ಯಾವ ಪ್ರಶ್ನೆಯನ್ನೂ ನಿಂತು ಕೇಳಿದವನಲ್ಲ. ಲೂನಾ ಗಾಡಿ ಚಾಲೂ ಮಾಡಿ, ಗೇರು ಇಲ್ಲದ ಆ ಗಾಡಿ ಮುಂದಕ್ಕೆ ಜಿಗಿಯುವ ಹೊತ್ತಿಗೆ ಸರಿಯಾಗಿ, ಏ ಚೇತ್ಯಾ ಕಂಪ್ಯೂಟರಿಗೆ ಹಚ್ಚಲೇನು, ಎಂದಿದ್ದ. ಚೇತನಕುಮಾರ ಬಾಯಿ ತೆರೆಯುವುದರೊಳಗೆ ಗಾಡಿ ಮೂಲೆ ದಾಟಿತ್ತು. ಅವನಿಗೆ ಆಗ ಏನಾಗಬೇಕೆಂದಿತ್ತು ಎಂಬುದು ಅವನಿಗೇ ಮರೆತುಹೋಗಿದೆ, ಉತ್ತರ ಹೊರಗೆ ಬಾರದ್ದರಿಂದ ಒಳಗೇ ಒಣಗಿರಬೇಕು. ಸುರೇಖಾಳ ಕಡೆಯವರು ಹಾವೇರಿಯವರು, ಅಲ್ಲಿ ರಿವಾಜೇ ಬೇರೆ. ಅವಳಂತೂ ಬೀಜದ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಒದ್ದೆ ಕಾಗದದ ನಡುವೆ ಬೀಜ ಸಾಲಾಗಿ ಇಟ್ಟು, ಸುತ್ತಿ, ಮೊಳಕೆ ಬರುವ ತನಕ ಕಾಯುವುದೇ ಅವಳ ನೌಕರಿ. ಮೇಲಿನವರು ಎಷ್ಟೇ ಅವಸರ ಮಾಡಲಿ, ಈ ಬೀಜ ಛಲೋ ಐತಿ ಅಂತ ದಿನ ತುಂಬುವ ಮೊದಲು ಅವಳ ಬಾಯಿಂದ ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ, ಈ ಬಾಡಿಗೆ ಮನೆ ಹಿಡಿಸಿತೇನು ಅಂತ ಅವನು ಕೇಳಿದ್ದ. ಎಷ್ಟೋ ದಿನದ ಮೇಲೆ ರೊಟ್ಟಿ ಮುರಿಯುತ್ತ ಕೂತವಳು, ಹಿತ್ತಲದಾಗ ಬಿಸಲು ಬರತೈತಿ, ಹಿಡಿಸೈತಿ, ಎಂದಳು. ಯಾವುದು ಹಿಡಿಸೈತಿ ಅಂತ ಅವನು ಗಾಬರಿಯಾಗಿ ಕೇಳಬೇಕಾಯಿತು. ಅಂಥವಳಿಗೆ ಬೂಟು ಹುಡುಕುತ್ತ ಕೇಳಿದ್ದೆನಲ್ಲ ಎಂದು ಈಗ ಅನಿಸಿ, ಘಾಟಿಗೋ ಏನೋ ಅವನ ಕಣ್ಣಲ್ಲಿ ನೀರು ಬಂತು. ಸುರೇಖಾ ಕಡೆ ತಿರುಗಿದ. ಅವಳು ಕರವಸ್ತ್ರ ಕೊಟ್ಟಳು. ಹೇಳೂದಿತ್ತು, ಎಂದ. ಬಸ್ಸು ನಿಂತಿತು, ಹಿಂದಿನವರು ಬುಟ್ಟಿ ಚೀಲ ಹೊತ್ತು ನುಗ್ಗಿದರು, ಕಂಡಕ್ಟರ್ ಲಗೂ ಇಳೀರಿ ಎಂದ, ಅವರಿಬ್ಬರೂ ಇಳಿದರು.

ಮಾರುಕಟ್ಟೆಯ ಯಾರ್ಡಿನಲ್ಲಿ ಕೆಂಪಲ್ಲದೆ ಬೇರೆ ಬಣ್ಣವೇ ಇರಲಿಲ್ಲ. ಅಂಗಡಿಗಳ ಮುಂದೆ ಚೀಲಗಳು, ಚೀಲಗಳ ಬಾಯಲ್ಲಿ ಒಣಮೆಣಸಿನಕಾಯಿ, ಅದನ್ನು ಮುರಿದು, ಮೂಸಿ, ಅಂಗೈಗೆ ತಿಕ್ಕಿ ಬಣ್ಣ ನೋಡುವ ಖರೀದಿದಾರರು. ಎಲ್ಲರೂ ಸೀನುತ್ತಿದ್ದರು, ಯಾರೂ ಅದನ್ನು ಸೀನು ಅಂತ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಂದಾನೆಪ್ಪನ ಅಂಗಡಿಯ ಮುಂದೆ ಶಾಮಿಯಾನ ಹಾಕಿತ್ತು. ಚೇತನಕುಮಾರನ ಆಫೀಸು ಅಂಗಡಿಗೆ ಮಾಡಿಕೊಟ್ಟ ಕಂಪ್ಯೂಟರ್ ಪ್ರೋಗ್ರಾಮಿಗೆ ಇವತ್ತು ಪೂಜೆ ಮಾಡಿಸಿದ್ದ ಮಾಮಾ. ಗೋಡೆಗೆ ದೊಡ್ಡ ಟೀವಿ ಹಚ್ಚಿ, ಟೀವಿಗೆ ಹೂವಿನ ಸರ ಹಾಕಿ, ಅಕ್ಕಪಕ್ಕದ ದಲಾಲರನ್ನೆಲ್ಲ ಕರೆದು ಕೂರಿಸಿದ್ದ. ಅತ್ತೆ ಮೆಟ್ಟಿಲ ಮೇಲೇ ನಿಂತಿದ್ದಳು. ಬಾರವಾ, ಮ್ಯಾಲೆ ಬಾ, ನಿನಗೊಂದು ತೋರಸೂದೈತಿ, ಎಂದು ಸುರೇಖಾಳ ಕೈ ಹಿಡಿದಳು. ಅತ್ತಿ, ಒಂದು ನಿಮಿಷ, ಎಂದ ಚೇತನಕುಮಾರ. ನಿನಗೇನಾಗಬೇಕು, ನಿನ್ನ ಕೆಲಸ ಕೆಳಗೈತಿ, ಎಂದು ಅತ್ತೆ ಅವನನ್ನು ಕಣ್ಣಿನಿಂದಲೇ ಒತ್ತಿ ಬದಿಗೆ ಸರಿಸಿ ಸೊಸೆಯನ್ನು ಕರೆದುಕೊಂಡು ಮೇಲೆ ಹೋದಳು. ಅವರ ಕಾಲು ಕಾಣುವ ತನಕ ಅವನು ನೋಡಿದ. ಮೊದಲು ಅತ್ತೆಯ ಕಾಲು ಮಾಯವಾಯಿತು, ಆಮೇಲೆ ಸುರೇಖಾಳ ಹಿಮ್ಮಡಿ.

ಇನ್ನು ಪ್ರೋಗ್ರಾಮಿನ ಸಂಗತಿ. ಬ್ಯಾಡಗಿಯಲ್ಲಿ ಟೆಂಡರಿಗೆ ಖರೀದಿದಾರರು ದರ ಬರೆದು ಹೆಚ್ಚಿನದು ಗೊತ್ತಾದರೆ ದರ ಬಿತ್ತು ಅನ್ನುತ್ತಾರೆ; ಅಷ್ಟಕ್ಕೇ ಮಾಲು ಮಾರಿದಂತಲ್ಲ. ದಲಾಲ ರೈತನ ಹತ್ತಿರ ಹೋಗಿ, ಈ ದರಕ್ಕ ಕೊಡತೀಯೇನು, ಅಂತ ಕೇಳಬೇಕು. ರೈತ ಹೂಂ ಅಂದರೆ ಚೀಲ ತಕ್ಕಡಿಗೆ ಏರುತ್ತದೆ, ಇಲ್ಲ ಅಂದರೆ ಅಲ್ಲೇ ಇರುತ್ತದೆ, ಇಲ್ಲವೇ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ಸುಗ್ಗಿಯಲ್ಲಿ ಚೀಲಗಳ ಸಂದಿಯಲ್ಲಿ ರೈತರನ್ನು ಹುಡುಕಿ ಹುಡುಕಿ ಅಂದಾನೆಪ್ಪನ ಮೊಣಕಾಲು ಸವೆದಿತ್ತು. ಅದಕ್ಕೇ ಈ ಪ್ರೋಗ್ರಾಮು: ದರ ಬಿದ್ದ ಕೂಡಲೇ ರೈತನ ಫೋನಿಗೆ ಮೆಸೇಜ್ ಹೋಗುತ್ತದೆ, ಒಂದು ಒತ್ತಿದರೆ ಹೌದು, ಎರಡು ಒತ್ತಿದರೆ ಇಲ್ಲ. ಒಪ್ಪಿದರೆ ಟೀವಿಯ ಮೇಲೆ ಅವನ ಹೆಸರು ಹಸಿರಾಗುತ್ತದೆ, ಒಪ್ಪದಿದ್ದರೆ ಕೆಂಪಾಗುತ್ತದೆ. ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರ ಮೇಲಿರುವ ಅವರ ಸಣ್ಣ ಆಫೀಸಿನಲ್ಲಿ ಅದನ್ನು ಬರೆದವನು ಮಾಲೀಕ ಪ್ರವೀಣಕುಮಾರ. ಬರೆದದ್ದು ಸರಿ ಇದೆಯೋ ಇಲ್ಲವೋ ಪರೀಕ್ಷೆ ಮಾಡುವವನು ಚೇತನಕುಮಾರ. ಎಲ್ಲ ಸರಿ ಐತಿ ಅಂತ ಹೇಳಿದವನೂ ಅವನೇ.

ಪರೀಕ್ಷೆ ಮಾಡುವಾಗ ಪ್ರತಿ ಸಲ ಖರೇ ರೈತರಿಗೆ ಮೆಸೇಜ್ ಹೊಡೆದರೆ ಅವರು ಮನೆಗೆ ಬಂದು ಹೊಡೆದಾರು. ಅದಕ್ಕಾಗಿ ರೈತನ ಜಾಗದಲ್ಲಿ ಒಂದು ಗೊಂಬೆ ನಿಲ್ಲಿಸುತ್ತಾರೆ, ಅದಕ್ಕೆ ಮಾಕ್ ಅನ್ನುತ್ತಾರೆ. ರೈತ ಉತ್ತರ ಕೊಡಲು ಹೊತ್ತು ಹಿಡಿಯುತ್ತದಲ್ಲ, ಅಂಥ ಕಾಯುವ ಕೆಲಸಕ್ಕೆ ಬೇರೆ ತರದ ಗೊಂಬೆ, ಅಸಿಂಕ್‌ಮಾಕ್. ಚೇತನಕುಮಾರ ತನ್ನ ಗೊಂಬೆಗೆ ಒಂದೇ ಮಾತು ಕಲಿಸಿದ್ದ: ಹೂಂ. ದರ ಛಲೋ ಇದ್ದರೂ ಹೂಂ, ದರ ನೆಲ ಕಚ್ಚಿದರೂ ಹೂಂ. ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಯಾರೂ ಅವನಿಗೆ ಕೇಳಿದ ಕೂಡಲೇ ಹೂಂ ಅಂದವರಲ್ಲ. ಈ ಗೊಂಬೆಯ ಮೇಲೆ ಅವನಿಗೆ ಒಂದು ನಮೂನೆ ಮಮತೆಯೇ ಹುಟ್ಟಿತ್ತು. ಅದು ಇಲ್ಲ ಅಂದರೆ ಏನಾಗುತ್ತದೆ ಅಂತ ನೋಡುವ ಯೋಚನೆ ಅವನ ತಲೆಯಲ್ಲಿ ಹಾಯಲೇ ಇಲ್ಲ. ಪರೀಕ್ಷೆಯ ಕೊನೆಯಲ್ಲಿ, ಗೊಂಬೆಯನ್ನು ಕರೆದಿರೇನು, ಅಂತ ಕೇಳುವ ಒಂದು ಸಾಲು ಬರೆದಿದ್ದ. ಕರೆದಿದ್ದರು. ಪರೀಕ್ಷೆ ಪಾಸು ಅಂತ ಪರದೆ ಹಸಿರಾಯಿತು. ಹಸಿರಿನ ನಡುವೆ ಒಂದು ಹಳದಿ ಎಚ್ಚರಿಕೆ ಪದೇ ಪದೇ ಬರುತ್ತಿತ್ತು, ನೋಡಲಿಕ್ಕೆ ಚಂದ ಕಾಣುವುದಿಲ್ಲ ಅಂತ ಅದು ಬಾರದ ಹಾಗೆ ಬಾಯಿ ಕಟ್ಟಿದ್ದ.

ಮೇಲಿನ ಕಿಟಕಿಯಲ್ಲಿ ಎರಡು ತಲೆ ಕಂಡವು. ಅತ್ತೆ ಏನೋ ಹೇಳುತ್ತಿದ್ದಳು, ಸುರೇಖಾ ತಲೆ ಬಾಗಿಸಿ ಕೇಳುತ್ತಿದ್ದಳು. ಈಗ ಕಟ್ಟೆ ತೋರಿಸಿರಬೇಕು. ಈಗ ಅಳತೆ ಹೇಳಿರಬೇಕು. ಈಗ, ನೀ ಹೂಂ ಅಂದೀಯಂತಲ್ಲ, ಅಂದಿರಬೇಕು. ಚೇತನಕುಮಾರ ಕಿಟಕಿ ನೋಡುತ್ತಲೇ ಲ್ಯಾಪ್‌ಟಾಪಿನ ವೈರನ್ನು ಟೀವಿಗೆ ಹಚ್ಚಲು ಹೋಗಿ ಹೂವಿನ ಸರವನ್ನೇ ಕಿತ್ತ. ಆಗಲೇ ಮೇಲಿನಿಂದ ಅತ್ತೆಯ ನಗು ಕೇಳಿಸಿತು. ಅವಳು ಹೊಟ್ಟೆ ಹಿಡಿದು ನಗುವುದು ಅಪರೂಪ. ನಾಲ್ಕು ಮಂದಿಯ ಮುಂದೆ ಯಾರದೋ ಮಾನ ಹೋದಾಗ ಮಾತ್ರ ನಗುತ್ತಾಳೆ. ಯಾರದು ಅಂತ ಅವನು ಕೇಳಿಕೊಳ್ಳಲಿಲ್ಲ.

ಟೆಂಡರಿನ ದರ ಬಿದ್ದವು. ಮೊದಲನೆಯ ರೈತ ತಿರಕಪ್ಪನ ಹೆಸರು ರಪ್ಪನೆ ಹಸಿರಾಯಿತು. ಕೂತವರು ಚಪ್ಪಾಳೆ ಹೊಡೆದರು. ನನಗ ಮೆಸೇಜ್ ಬರಲೇ ಇಲ್ಲಲ್ಲ, ಎಂದು ತಿರಕಪ್ಪ ಗೊಣಗಿದ. ಆದರೆ ದರ ಮನಸ್ಸಿಗೆ ಬಂದಿತ್ತು, ಮೆಸೇಜು ಕಟ್ಟಿಕೊಂಡು ಏನು ಮಾಡುವುದು ಅಂತ ಸುಮ್ಮನಾದ. ಎರಡನೆಯದೂ ಹಸಿರು. ಎಷ್ಟು ಲಗೂ ನೋಡ್ರಿ, ಎಂದು ಅಂದಾನೆಪ್ಪ ಪಕ್ಕದ ದಲಾಲ ಪ್ರಭುಲಿಂಗಪ್ಪನ ತೊಡೆಗೆ ಬಡಿದ. ಮೂರನೆಯ ಹೆಸರು ದೇವರಗುಡ್ಡದ ಕಡೆಯ ಮೈಲವ್ವನದು. ಅದೂ ಹಸಿರಾಯಿತು. ಹಮಾಲರು ಬಂದು ಕೊಕ್ಕೆ ಹಾಕಿ ಮೊದಲ ಚೀಲ ಎತ್ತಿದರು. ಎರಡನೆಯದಕ್ಕೆ ಕೈ ಹಾಕುವುದರೊಳಗೆ ಒಬ್ಬ ಮುದುಕಿ ಆ ಚೀಲದ ಮೇಲೆ, ಮನೆಯ ಜಗುಲಿಯ ಮೇಲೆ ಕೂತ ಹಾಗೆ ಕೂತುಬಿಟ್ಟಿದ್ದಳು. ಕೈಯಲ್ಲಿ ಸಣ್ಣ ಫೋನು. ಕೂಗಲಿಲ್ಲ, ಜಗಳ ತೆಗೆಯಲಿಲ್ಲ. ಹಮಾಲರು ಅಂದಾನೆಪ್ಪನ ಮುಖ ನೋಡಿದರು, ಅಂದಾನೆಪ್ಪ ಟೀವಿಯ ಮುಖ ನೋಡಿದ.

"ಯಬೇ, ನೀ ಒಪ್ಪೀದಿ ಅಂತ ಇಲ್ಲಿ ಬಂದೈತಲ್ಲ. ಹಸರ ಕಾಣವಲ್ದೇನು?"

"ಹಸರ ಕಾಣತೈತ್ಯೋ ಯಪ್ಪಾ. ನನ್ನ ಕೇಳಿದವರು ಯಾರು, ಅವರನ್ನ ಒಮ್ಮಿ ತೋರಸು."

ಸುತ್ತಲೂ ಮಂದಿ ಕೂಡಿದರು. ಅಜ್ಜಿ ಅರಿಯದೆ ಒತ್ತಿರಬೇಕು ಎಂದರು ಒಬ್ಬರು. ಮೊಮ್ಮಕ್ಕಳು ಒತ್ತಿರಬೇಕು ಎಂದರು ಇನ್ನೊಬ್ಬರು. ಸೆರಗಿನೊಳಗೆ ಇಟ್ಟುಕೊಂಡರೆ ಒಮ್ಮೊಮ್ಮೆ ತಾನೇ ಒತ್ತಿಕೊಳ್ಳುತ್ತದೆ, ನಮ್ಮ ಮನೆಯವಳದು ಹೀಗೇ ಪೊಲೀಸ್ ಸ್ಟೇಷನ್ನಿಗೆ ಫೋನ್ ಹೋಗಿತ್ತು, ಎಂದ ಪ್ರಭುಲಿಂಗಪ್ಪ. ಮೈಲವ್ವ ಯಾರಿಗೂ ಎದುರಾಡದೆ ಫೋನನ್ನು ಎತ್ತಿ ಹಿಡಿದಳು, ನೋಡಿಕೊಳ್ಳಿ ಅನ್ನುವ ಹಾಗೆ. ಅದರಲ್ಲಿ ಮೆಸೇಜೂ ಇರಲಿಲ್ಲ, ಒತ್ತಿದ ಗುರುತೂ ಇರಲಿಲ್ಲ. ಚೇತನಕುಮಾರ ಪ್ರವೀಣಕುಮಾರನಿಗೆ ಫೋನ್ ಹಚ್ಚಿದ. ಅವನು ಹಾವೇರಿಯಲ್ಲಿ ಯಾವುದೋ ಊಟದಲ್ಲಿದ್ದ, ಬಾಯಲ್ಲಿ ಜಿಲೇಬಿ ಇರುವುದು ಕೇಳಿಸುತ್ತಿತ್ತು. ನೆಟ್‌ವರ್ಕ್ ಅಂತ ಹೇಳಿಬಿಡಪಾ, ಬ್ಯಾಡಗಿಯೊಳಗ ಹಂಗ ಆಕ್ಕೈತಿ, ಮುದಕೀನ್ನ ಅಂದಾನೆಪ್ಪನವರು ಸಂಭಾಳಿಸ್ತಾರ, ಎಂದು ಅವನು ಫೋನ್ ಇಟ್ಟ. ಹೇಳಬಹುದಾಗಿತ್ತು. ನೆಟ್‌ವರ್ಕಿಗೆ ಎದುರಾಡುವವರು ಈ ಕಾಲದಲ್ಲಿ ಯಾರೂ ಇಲ್ಲ.

ಅವನು ಲ್ಯಾಪ್‌ಟಾಪ್ ತೆರೆದದ್ದು ಹೊತ್ತು ಕಳೆಯಲಿಕ್ಕೆ, ಮುಖ ಮುಚ್ಚಿಕೊಳ್ಳಲಿಕ್ಕೆ. ಬಾಯಿ ಕಟ್ಟಿದ ಆ ಹಳದಿ ಎಚ್ಚರಿಕೆಯ ಕಟ್ಟು ಬಿಚ್ಚಿದ್ದು ಯಾಕೆಂದು ಅವನಿಗೂ ತಿಳಿಯಲಿಲ್ಲ. ಪರೀಕ್ಷೆ ಮತ್ತೆ ನಡೆಸಿದ. ಮೊದಲಿನಂತೆ ಹಸಿರಾಯಿತು, ಹಸಿರಿನ ಕೆಳಗೆ ಹಳದಿ ಸಾಲು ಬಂತು: ಇದನ್ನು ಕರೆದಿದ್ದೀರಿ, ಇದಕ್ಕಾಗಿ ಎಂದೂ ಕಾಯಲಿಲ್ಲ. ಪ್ರೋಗ್ರಾಮು ಬರೆದ ಭಾಷೆ ಪೈಥಾನು, ಅದರಲ್ಲಿ ಕಾಯುವ ಕೆಲಸವನ್ನು ಸುಮ್ಮನೆ ಕರೆದರೆ ಅದು ನಡೆಯುವುದಿಲ್ಲ; ಮಾಡತೇನಿ ಅನ್ನುವ ಒಂದು ಚೀಟಿಯನ್ನು ಕೈಯಲ್ಲಿಟ್ಟು ಕೂತುಬಿಡುತ್ತದೆ. ಕರೆಯುವ ಸಾಲಿನಲ್ಲಿ ಅವೇಟ್ ಅನ್ನುವ ಒಂದು ಶಬ್ದ ಬರೆದರೆ ಮಾತ್ರ ಕೆಲಸ ನಡೆದು, ಉತ್ತರ ಬರುವ ತನಕ ಕಾಯುತ್ತದೆ. ಪ್ರವೀಣಕುಮಾರ ಆ ಶಬ್ದ ಬರೆಯುವುದನ್ನು ಮರೆತಿದ್ದ. ಮೆಸೇಜು ಹೋಗಲೇ ಇಲ್ಲ, ಆದರೆ ಕೈಯಲ್ಲಿ ಒಂದು ಚೀಟಿ ಇತ್ತಲ್ಲ, ಬರಿಗೈ ಅಲ್ಲವಲ್ಲ, ಬರಿಗೈ ಅಲ್ಲದ್ದೆಲ್ಲ ಪೈಥಾನಿಗೆ ಹೌದು ಅಂತಲೇ ಲೆಕ್ಕ. ಬ್ಯಾಡಗಿಯ ರೈತರೆಲ್ಲ ಬಾಯಿ ತೆರೆಯುವ ಮೊದಲೇ ಒಪ್ಪಿಬಿಟ್ಟಿದ್ದರು. ಶಬ್ದ ಬಿಟ್ಟವನು ಪ್ರವೀಣಕುಮಾರ, ಹೌದು. ಬಿಟ್ಟದ್ದನ್ನು ಹಿಡಿಯಬೇಕಾದ ಜಾಗದಲ್ಲಿ, ಕರೆದಿರೇನು ಅಂತ ಕೇಳಿ, ಕಾದಿರೇನು ಅಂತ ಕೇಳದೆ ಬಿಟ್ಟವನು ಯಾರು. ಗೊಂಬೆ ಒಂದು ಸಲ ಇಲ್ಲ ಅಂದಿದ್ದರೂ ಸಾಕಾಗಿತ್ತು, ಎಲ್ಲ ಬಯಲಾಗುತ್ತಿತ್ತು. ಅದಕ್ಕೆ ಇಲ್ಲ ಅನ್ನಲಿಕ್ಕೆ ಅವನು ಕಲಿಸಿರಲಿಲ್ಲ. ಅವನಿಗೆ ಬೂಟು ನೆನಪಾಯಿತು, ತಪ್ಪಲೆಯ ಸದ್ದು ನೆನಪಾಯಿತು, ಮೈಯೆಲ್ಲ ಬೆವೆತು ಶರ್ಟು ಅಂಟಿತು. ಯಾರೋ ಚಾ ಕೊಟ್ಟರು, ಅದನ್ನು ಅವನು ಕುಡಿಯದೆ ಟೀವಿಯ ಮುಂದೆ ನೈವೇದ್ಯ ಇಟ್ಟ ಹಾಗೆ ಇಟ್ಟ.

"ಮಾಮಾ, ಈಯಮ್ಮನ್ನ ಕೇಳೇ ಇಲ್ಲ," ಎಂದ. ಧ್ವನಿ ಸಣ್ಣದಾಗಿತ್ತು, ಮತ್ತೆ ಹೇಳಬೇಕಾಯಿತು. "ನೆಟ್‌ವರ್ಕೂ ಅಲ್ಲ, ಆಕಿ ಫೋನೂ ಅಲ್ಲ. ಯಾರನ್ನೂ ಕೇಳಿಲ್ಲ ಇದು. ನೋಡಿ ಸರಿ ಐತಿ ಅಂದಾಂವ ನಾನು."

ಅಂದಾನೆಪ್ಪ ಅಳಿಯನನ್ನು ನೋಡಿದ, ಟೀವಿಯನ್ನು ನೋಡಿದ, ಕಿತ್ತ ಹೂವಿನ ಸರವನ್ನು ನೋಡಿದ. ಪೂಜಿ ಮಾಡಿಸಿದ್ನಲ್ಲೋ ಮಗನ, ಎಂದಷ್ಟೇ ಅಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಪ್ರಭುಲಿಂಗಪ್ಪ ತನ್ನ ತೊಡೆಯನ್ನು ಸ್ವಲ್ಪ ಆಚೆ ಸರಿಸಿ ಕೂತ. ತಿರಕಪ್ಪನನ್ನೂ ಇನ್ನೊಬ್ಬನನ್ನೂ ಕರೆದು ಬಾಯಿಂದಲೇ ಕೇಳಿದರು, ಕೊಟ್ಟೇವ್ರಿ, ಎಂದರು ಅವರು. ಮೈಲವ್ವನನ್ನು ಕೇಳಲು ಅಂದಾನೆಪ್ಪ ಹೊರಟಾಗ, ತಡೀರಿ ಮಾಮಾ, ಎಂದು ಚೇತನಕುಮಾರ ಆ ಒಂದು ಶಬ್ದವನ್ನು ಅದರ ಜಾಗದಲ್ಲಿ ಬರೆದ. ಮುದುಕಿಯ ಕೈಯಲ್ಲಿ ಫೋನು ಗುಂಯ್‌ಗುಟ್ಟಿತು. ಟೀವಿಯ ಮೇಲೆ ಅವಳ ಹೆಸರು ಬಣ್ಣವಿಲ್ಲದೆ ಬಿಳಿಯಾಗಿ ನಿಂತಿತು.

ನಿಂತೇ ಇತ್ತು. ಮೈಲವ್ವ ಮೆಸೇಜನ್ನು ಪಕ್ಕದವರಿಂದ ಓದಿಸಿದಳು, ಮತ್ತೊಬ್ಬರಿಂದ ಓದಿಸಿ ಇಬ್ಬರೂ ಅದನ್ನೇ ಓದಿದರೋ ಎಂದು ತಾಳೆ ನೋಡಿದಳು. ಚೀಲದಿಂದ ಒಂದು ಕಾಯಿ ತೆಗೆದು ಮುರಿದು ಮೂಸಿದಳು, ತನ್ನ ಮಾಲನ್ನು ತಾನೇ ಖರೀದಿ ಮಾಡುವವಳ ಹಾಗೆ. ಊರಿಗೆ ಫೋನ್ ಹಚ್ಚಿ ಎಮ್ಮೆಗೆ ನೀರು ಕುಡಿಸಿದ್ದರೋ ಎಂದು ವಿಚಾರಿಸಿದಳು, ದರದ ಮಾತು ಎತ್ತಲಿಲ್ಲ. ಖರೀದಿದಾರರು ಗಡಿಯಾರ ನೋಡಿದರು. ಬಿಳಿಯಾಗಿ ನಿಂತ ಆ ಹೆಸರನ್ನು ನೋಡುವುದು ಚೇತನಕುಮಾರನಿಗೆ ಹಲ್ಲುನೋವಿನ ಹಾಗಿತ್ತು. ಅವಳ ಪರವಾಗಿ ತಾನೇ ಏನಾದರೂ ಒತ್ತಿಬಿಡೋಣ ಅನಿಸಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಕಟ್ಟಕಡೆಗೆ ಮೈಲವ್ವ ಹೆಬ್ಬೆರಳಿನಿಂದ ಒತ್ತಿದಳು. ಹೆಸರು ಕೆಂಪಾಯಿತು. ಕೊಡಂಗಿಲ್ಲ, ಎಂದು ಬಾಯಿಂದಲೂ ಹೇಳಿ ಚೀಲದಿಂದ ಇಳಿದಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅವನಿಗೆ ಮಾತ್ರ ಆ ಕೆಂಪು ಕಣ್ಣಿಗೆ ತಂಪಾಗಿ ಕಂಡಿತು.

ಸುರೇಖಾ ಯಾವಾಗ ಇಳಿದು ಬಂದಿದ್ದಳೋ. ಮಂದಿ ಚೆದುರಿದ ಮೇಲೆ ನೋಡಿದರೆ, ಮೆಟ್ಟಿಲ ಬುಡದಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಅವನು ಹತ್ತಿರ ಹೋದ. ಬಸ್ಸಿನಲ್ಲಿ ಜೋಡಿಸಿಟ್ಟ ಮಾತು ಒಂದೂ ನೆನಪಿಗೆ ಬರಲಿಲ್ಲ. ನಿನ್ನ ಕೇಳದನ, ಹೂಂ ಅಂದಾಳಂತ ಅತ್ತಿಗೆ ಹೇಳಿದೆ, ಎಂದ.

"ಕೇಳಿದ್ರಿ," ಎಂದಳು ಸುರೇಖಾ. "ನಾನೂ ಹೇಳಿದ್ನಿ. ಕೈ ತೊಳಕೊಂಡು ತಿರುಗಿ ನೋಡೂದ್ರಾಗ ಬಾಗಲದಾಗ ಯಾರೂ ಇರಲಿಲ್ಲ. ಕೇಳಿಸ್ಕೊಂಡ ಹೋಗ್ಯಾರ ಅಂತ ನಾ ತಿಳಕೊಂಡೆ."

ಅವಳು ಮದುವೆಯಾದಾಗಿನಿಂದ ಕೇಳಿದ ಕೂಡಲೇ ಉತ್ತರ ಕೊಟ್ಟದ್ದು ಅದೊಂದಕ್ಕೇ ಇರಬೇಕು. ಅದನ್ನು ನಳ ಕೇಳಿಸಿಕೊಂಡಿತು, ಚೌಕಟ್ಟು ಕೇಳಿಸಿಕೊಂಡಿತು. ಚೇತನಕುಮಾರನಿಗೆ ಆ ಹೊತ್ತಿನ ಖಾಲಿ ಬಾಗಿಲು ಈಗ ಕಂಡಿತು, ಒದ್ದೆ ಕೈಯಲ್ಲಿ ಅದರ ಕಡೆ ನೋಡುತ್ತ ನಿಂತ ಅವಳು ಕಂಡಳು, ತಾನು ಗಾಡಿ ಹತ್ತಿ ಮೂಲೆ ದಾಟಿದ್ದೂ ಕಂಡಿತು. ಏನು ಹೇಳಿದ್ದಿ, ಎಂದು ಕೇಳಿದ. ಕೇಳಿ ಎರಡೂ ಕಾಲೂರಿ ನಿಂತ. ಹಮಾಲರು, ಬಾಜೂ ಬಾಜೂ, ಎನ್ನುತ್ತ ಚೀಲ ಹೊತ್ತು ಅವರ ನಡುವೆಯೇ ಹಾದುಹೋದರು. ಅವನು ಸರಿದು, ಮತ್ತೆ ಅದೇ ಜಾಗಕ್ಕೆ ಬಂದು ನಿಂತ.

"ಬ್ಯಾಡ ಅಂದಿದ್ನಿ. ನನ್ನ ಲ್ಯಾಬ್ ಬಿಟ್ಟು ನಾ ಬರೂದಿಲ್ಲ. ಈಗೂ ಅದ ಮಾತು," ಎಂದಳು. ಆಮೇಲೆ ಸೆರಗು ಸರಿಸಿ ಅವನ ಮುಖವನ್ನೇ ನೋಡುತ್ತ, "ನಿಮಗ ಬರೂ ಮನಸೈತೇನ್ರಿ?" ಎಂದಳು.

ಹೂಂ ಅನ್ನಲು ಅವನ ಬಾಯಿ ಅಭ್ಯಾಸದಿಂದ ತೆರೆಯಿತು. ತನ್ನ ಮನಸ್ಸಿನ ಒಳಗೆ ಹೋಗಿ ನೋಡಿದರೆ ಹೂಂ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಅತ್ತೆ ಕರೆದಳು, ಮಾಮಾ ಕರೆದ, ಪ್ರವೀಣಕುಮಾರ ಛಲೋ ಆತು ಅಂದ. ತನ್ನನ್ನು ಯಾರೂ ಕೇಳಿರಲಿಲ್ಲ, ತಾನೂ ಕೇಳಿಕೊಂಡಿರಲಿಲ್ಲ. ಅವಳು ಕಾಯುತ್ತಿದ್ದಳು. ಒದ್ದೆ ಕಾಗದದ ಸುರುಳಿಯ ಮುಂದೆ ಹೀಗೇ ಕೂರುತ್ತಾಳೇನೋ, ಬಿಚ್ಚಿ ನೋಡುವ ಅವಸರವಿಲ್ಲ, ಕಣ್ಣು ತೆಗೆಯುವುದೂ ಇಲ್ಲ. ಯಾರಾದರೂ ತನಗಾಗಿ ಹೀಗೆ ಕಾಯುತ್ತಿದ್ದರೆ ಮೈಮೇಲೆ ಬಟ್ಟೆ ಇಲ್ಲದ ಹಾಗಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಒಂದು ಲಾರಿ ಹಿಂದಕ್ಕೆ ಹಿಂದಕ್ಕೆ ಬಂದು ನಿಂತಿತು, ಅದರ ಡ್ರೈವರ್ ಇಳಿದು ಚಾ ಕುಡಿಯಲು ಹೋದ, ಕು‍ಡಿದು ಬಂದ. ಅವಳು ಇನ್ನೂ ನೋಡುತ್ತಲೇ ಇದ್ದಳು.

"ಇಲ್ಲ ಅನಸ್ತೈತಿ," ಎಂದ ಚೇತನಕುಮಾರ. ತನ್ನದೇ ಧ್ವನಿ ಅವನಿಗೆ ಪರಿಚಯದವರ ಧ್ವನಿಯ ಹಾಗೆ ಕೇಳಿಸಿತು.

ಹಂಗಾರ ಅತ್ತಿಗೆ ಹೇಳಿ ಬರ್ರಿ, ನಾ ಇಲ್ಲೇ ನಿಂತಿರತೀನಿ, ಎಂದಳು ಸುರೇಖಾ.

ಅವನು ಮೆಟ್ಟಿಲು ಹತ್ತಿದ. ಹೊಸ ಸುಣ್ಣದ ವಾಸನೆ ಘಾಟನ್ನು ಹಿಂದೆ ಹಾಕಿ ಎದುರಿಗೆ ಬಂತು. ನೀಲಗಂಗವ್ವ ನೆಲದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವನು ಕೂರದೆ, ಗೋಡೆಗೂ ಒರಗದೆ, ಶಾಲೆಯಲ್ಲಿ ಪದ್ಯ ಒಪ್ಪಿಸುವವನ ಹಾಗೆ ನಿಂತು ಎಲ್ಲ ಹೇಳಿದ: ಅವಳು ಬರುವುದಿಲ್ಲ, ತಾನೂ ಬರುವುದಿಲ್ಲ, ಹೂಂ ಅಂದಾಳೆ ಅಂದದ್ದು ಸುಳ್ಳು, ಸುಣ್ಣ ಗೌಂಡಿ ಎಲ್ಲ ತನ್ನ ತಪ್ಪು. ಹೇಳಿ ಮುಗಿಸಿ, ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡ. ಅತ್ತೆ ನಿಧಾನವಾಗಿ ಎಲೆಗೆ ಸುಣ್ಣ ಸವರಿ, ಮಡಚಿ, ದವಡೆಗೆ ಇಟ್ಟುಕೊಂಡಳು.

"ಆಕಿ ಆಗಳೇ ಹೇಳ್ಯಾಳ ನನಗ," ಎಂದಳು. "ಇಲ್ಲೇ ಕುಂದರಿಸಿ ಕೇಳಿದೆ. ನೀ ಫೋನಿನ್ಯಾಗ ಹೂಂ ಅಂದಾಳಂದಿ ನೋಡು, ಆವಾಗನ ಅಂದಕೊಂಡೆ ನಾ, ಇಂವಾ ಕೇಳಿರಂಗಿಲ್ಲ ಅಂತ. ನಮ್ಮಣ್ಣನ ಮಗಾ ಅಲ್ಲೇನು ನೀ. ಸುಣ್ಣ, ಕಟ್ಟಿ ಹ್ಯಾಂಗೂ ಮಾಡಸೂದಿತ್ತು, ಸುಗ್ಗಿಯೊಳಗ ಖರೀದಿ ಮಂದಿ ಬಾಡಿಗಿಗೆ ಕೇಳತಾರ."

ಅವನ ಸುಳ್ಳು ಇಷ್ಟು ದಿನ ಯಾರಿಗೂ ತಗುಲದೆ ಗಾಳಿಯಲ್ಲಿ ತೇಲಿತ್ತು. ಅದಕ್ಕಾಗಿ ಅವನು ನಿದ್ದೆಗೆಟ್ಟಿದ್ದ, ಬೆವೆತಿದ್ದ, ಹೂವಿನ ಸರ ಕಿತ್ತಿದ್ದ. ಯಾರೂ ನಂಬದಿರುವಷ್ಟು ಹಗುರಾದ ಮಾತು ತನ್ನದು ಎಂಬುದಕ್ಕೆ ಸಮಾಧಾನ ಪಡಬೇಕೋ ನಾಚಬೇಕೋ ತಿಳಿಯದೆ, ಬಂದವನು ಏನಾದರೂ ಮಾಡಬೇಕಲ್ಲ ಎಂದು ಹೊಸ ಅಡುಗೆ ಕಟ್ಟೆಯ ಮೇಲಿನ ಧೂಳು ಒರೆಸಿದ. ಒರೆಸುತ್ತಿದ್ದಂತೆ ಕೈ ನಿಂತಿತು. ಸುರೇಖಾ ಕೆಳಗೆ ಇಳಿಯುವ ಮೊದಲೇ ಅತ್ತೆಗೆ ಹೇಳುವುದು ಮುಗಿದಿತ್ತು. ಎಲ್ಲ ಇತ್ಯರ್ಥವಾಗಿತ್ತು. ಅವನ ಉತ್ತರದಿಂದ ಆಗಬೇಕಾದದ್ದು ಏನೂ ಉಳಿದಿರಲಿಲ್ಲ. ಆದರೂ ಅವಳು ಕೆಳಗೆ ಬಂದು ಅವನ ಮನಸ್ಸು ಕೇಳಿದ್ದಳು. ಲಾರಿ ಬಂದು ನಿಂತು, ಡ್ರೈವರ್ ಚಾ ಕುಡಿದು ಬರುವ ತನಕ ನಿಂತಿದ್ದಳು.

ಅವನು ಕಿಟಕಿಗೆ ಬಂದು ಬಗ್ಗಿ ನೋಡಿದ. ಯಾರ್ಡಿನಲ್ಲಿ ಕಸಗುಡಿಸುವವರು ಬಂದಿದ್ದರು, ಉದುರಿದ ಬೀಜ, ತೊಟ್ಟು, ಕೆಂಪು ಧೂಳು ಎಲ್ಲ ಮೇಲೆದ್ದು ಮಂದಿ ಮುಖ ಮುಚ್ಚಿಕೊಂಡು ದೂರ ಓಡುತ್ತಿದ್ದರು. ಸುರೇಖಾ ಮೆಟ್ಟಿಲ ಬುಡದಲ್ಲೇ ಇದ್ದಳು. ಒಂದು ಸೀನು ಬಂತು ಅವಳಿಗೆ, ಹಿಂದೆಯೇ ಇನ್ನೊಂದು. ಕಣ್ಣು ಒರೆಸಿಕೊಂಡಳು, ಜಾಗ ಬಿಡಲಿಲ್ಲ.